ಬೇಳೆಯ ಜೊತೆಗೆ ಬಂದ ಕಾಶಿ

ಅವರ ಬಲಗೈ ಹೆಬ್ಬೆರಳು ಸದಾ ಅರಿಸಿನದ ಬಣ್ಣದಲ್ಲಿರುತ್ತಿತ್ತು. ಎಷ್ಟು ತೊಳೆದರೂ ಹೋಗದ ಆ ಹಳದಿ ಬೆರಳಿನಿಂದಲೇ ಅವರು ಜೇಬಿನ ಕ್ರೆಡಿಟ್ ಕಾರ್ಡನ್ನು ತೆಗೆದು, ಒಮ್ಮೆ ಕಣ್ಣಿಗೊತ್ತಿಕೊಂಡು, ಅಂಗಡಿಯವರ ಕೈಗೆ ಕೊಡುತ್ತಿದ್ದರು. ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ಕಾಲವದು. ಅವುಗಳಲ್ಲೊಂದರ ಊಟದ ಗುತ್ತಿಗೆ ಹಿಡಿದಿದ್ದ ಅವರನ್ನು ರಾಮನಗರದ ನಮ್ಮ ಬೀದಿಯವರೆಲ್ಲ ಕ್ಯಾಂಟೀನ್ ಯಜಮಾನರೆಂದೇ ಕರೆಯುತ್ತಿದ್ದರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದುದು ಒಂದೇ ಗೋಡೆ. ಸಂಸ್ಕೃತ ಪಾಠಶಾಲೆಯಿಂದ ನಿವೃತ್ತನಾಗಿದ್ದ ನಾನು ಅವರ ಬಾಯಲ್ಲಿ 'ಐನೋರು'.

ಅವರನ್ನು ಸಾಕಿ ಬೆಳೆಸಿದವರು ಅವರ ಅಕ್ಕ. ಹೊಂಗನೂರಿನಲ್ಲಿ ಹಿಪ್ಪುನೇರಳೆ ಸೊಪ್ಪು ಹೊತ್ತು, ತಂದೆತಾಯಿಯಿಲ್ಲದ ತಮ್ಮನನ್ನು ಓದಿಸಿದ ಮಹಾತಾಯಿ. ಗಂಗಾಸ್ನಾನವೊಂದೇ ಆಕೆಯ ಹಂಬಲ. ಆದರೆ ಜಾರಿಬಿದ್ದು ಸೊಂಟ ಮುರಿದ ಮೇಲೆ ಹಗಲಿರುಳು ರೈಲಿನಲ್ಲಿ ಕೂರುವ ಶಕ್ತಿ ಆಕೆಗೆ ಉಳಿದಿರಲಿಲ್ಲ. ತಮ್ಮನು ವಿಮಾನದ ಮಾತೆತ್ತಿದಾಗ ಆಕೆ ಗದರಿದ್ದು ನಮ್ಮ ಮನೆಗೂ ಕೇಳಿಸಿತ್ತು: "ನನ್ನೆಸರಲ್ಲಿ ಮನೆ ಕಾಸು ಆಕಾಶಕ್ಕೆ ಸುರಿದ್ರೆ ಆ ಗಂಗೇನ ನಾನು ಮುಟ್ಟಾಕಿಲ್ಲ, ತಿಳ್ಕೊ!"

ಆಗ ಅವರು ಕಂಡುಕೊಂಡ ದಾರಿಯೇ ಈ ಕಾರ್ಡು. ಅದರಿಂದ ಖರ್ಚು ಮಾಡಿದಂತೆಲ್ಲ ವಿಮಾನ ಸಂಸ್ಥೆಯ ಮೈಲಿಗಳು ಅವರ ಹೆಸರಿಗೆ ಜಮೆಯಾಗುತ್ತಿದ್ದವು. ಸಾಕಷ್ಟು ಕೂಡಿದರೆ ಕಾಸಿನ ಬದಲು ಅವುಗಳಿಗೇ ಟಿಕೆಟ್ಟು. "ಎಂಗಿದ್ರೂ ಕ್ಯಾಂಟೀನಿಗೆ ಬೇಳೆ ತಗಳ್ಳೇಬೇಕಲ್ಲ ಐನೋರೆ. ಬೇಳೆ ಜೊತೇಲಿ ಕಾಶೀನೂ ಬತ್ತೈತೆ" ಎಂದು ಅವರು ಹೇಳಿದಾಗ ಅಕ್ಕನವರೂ ಒಪ್ಪಿದರು.

ನಮ್ಮೂರಿನ ದಿನಸಿ ಮಂಡಿಯಲ್ಲಿ ಆಗ ಕಾರ್ಡು ಉಜ್ಜುವ ಯಂತ್ರವಿರಲಿಲ್ಲ. ತಿಂಗಳುಗಟ್ಟಲೆ ಬೆನ್ನುಹತ್ತಿ ಮಂಡಿಯ ಸಾಹೇಬರಿಂದ ಅದನ್ನು ಹಾಕಿಸಿದವರು ಇವರೇ. "ಏನ್ ಯಜಮಾನ್ರೇ, ತೊಗರಿಬೇಳೆ ತಿಂದು ಯಾರಾದ್ರೂ ಆಕಾಶಕ್ಕೆ ಹಾರಿದ್ದುಂಟಾ?" ಎಂದು ಸಾಹೇಬರು ನಕ್ಕರೆ, "ತಿನ್ನೋರು ಕಾರ್ಖಾನೆ ಹುಡುಗ್ರು ಸಾಬ್ರೇ, ಹಾರೋದು ನಮ್ಮಕ್ಕ" ಎನ್ನುತ್ತಿದ್ದರು. ಬೀದಿಯಲ್ಲಿ ಯಾರ ಮನೆಯ ಮದುವೆ ಜವಳಿಯಾದರೂ ಇವರ ಕಾರ್ಡು ಮುಂದಾಗುತ್ತಿತ್ತು. ಹಣವನ್ನು ಆ ಮನೆಯವರು ಇವರ ಕೈಗೆ ಕೊಟ್ಟುಬಿಡುತ್ತಿದ್ದರು. ಬ್ಯಾಂಕಿನ ಬಾಕಿಯನ್ನು ಮಾತ್ರ ಯಜಮಾನರು ಗಡುವಿಗೆ ಮೊದಲೇ ತೀರಿಸುತ್ತಿದ್ದರು. "ಸಾಲ ಉಳಿಸ್ಕಂಡು ಪುಣ್ಯ ಸಂಪಾದ್ಸೋಕಾಯ್ತದಾ?" ಎಂಬುದು ಅವರ ಮಾತು.

ಹೀಗೆ ಕೂಡಿದ ಮೈಲಿಗಳನ್ನು ಅವರು ಮುಡಿಪೆಂದು ಭಾವಿಸಿದ್ದರು. ಹರಕೆಯ ಕಾಣಿಕೆಯನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದಿಟ್ಟ ಮೇಲೆ ಯಾತ್ರೆಯ ದಿನದವರೆಗೂ ಅದನ್ನು ಬಿಚ್ಚುವುದಿಲ್ಲ, ಎಣಿಸುವುದಿಲ್ಲ. ಬ್ಯಾಂಕಿನ ಹುಡುಗಿ ಮೈಲಿಗಳ ವಿಷಯವೆಂದು ಫೋನು ಮಾಡಿದಾಗಲೆಲ್ಲ, "ಬ್ಯಾಡ ತಾಯಿ, ಅದು ದೇವರ ಗಂಟು. ಹೊರಡೋವಾಗ್ಲೇ ನೋಡ್ಕತೀನಿ" ಎಂದು ಇಟ್ಟುಬಿಡುತ್ತಿದ್ದರು.

ವರ್ಷಗಳು ಕಳೆದವು. ಅಕ್ಕನವರು ಹಾಸಿಗೆಯಿಂದ ಏಳುವುದೇ ಅಪರೂಪವಾಯಿತು. ಇನ್ನು ತಡಮಾಡಬಾರದೆಂದು ಅಕ್ಕ, ತಾವು, ಸಂಕಲ್ಪ ಹೇಳಿಸಲು ನಾನು, ಹೀಗೆ ಮೂವರ ಪ್ರಯಾಣವನ್ನು ನಿಶ್ಚಯಿಸಿ ನನ್ನನ್ನೂ ಕರೆದುಕೊಂಡು ಬೆಂಗಳೂರಿನ ಟಿಕೆಟ್ ಕಚೇರಿಗೆ ಹೋದರು. ಅಲ್ಲಿನ ತರುಣ ಕಂಪ್ಯೂಟರ್ ನೋಡಿ ತಲೆಯಾಡಿಸಿದ. "ಅವಧಿ ಮುಗಿದ ಮೈಲಿಗಳು ರದ್ದಾಗಿವೆ ಸರ್. ಮೊದಲ ವರ್ಷಗಳದ್ದು ಏನೂ ಇಲ್ಲ. ಈಗಿರೋದು ಇಬ್ಬರಿಗೆ ಮಾತ್ರ."

ದೇವರ ಗಂಟಿಗೂ ಅವಧಿಯುಂಟೆಂದು ಅವರಿಗೆ ಹೇಗೆ ತಿಳಿಯಬೇಕು! ಅವರು ನನ್ನ ಕಡೆ ತಿರುಗಿದರು. "ಸರಿ. ಕಾಸು ಕೊಟ್ಟು ಇನ್ನೊಂದು ತಗಂಡ್ರೆ ಅಕ್ಕ ಗಂಗೆ ಮುಟ್ಟಾಕಿಲ್ಲ. ನೀವೂ ಅಕ್ಕನೂ ಹೊರಡಿ."

ಮೈಲಿಗಳು ನಿಮ್ಮವು, ರೈಲಿನಲ್ಲಿ ನಾನು ಬರುತ್ತೇನೆಂದೆ. ಅವರು ಕೇಳಲಿಲ್ಲ. "ನಂಗೆ ಹಿಂದಿ ಬರಾಕಿಲ್ಲ, ಮಂತ್ರ ಬರಾಕಿಲ್ಲ. ಡೆಲ್ಲೀಲಿ ವಿಮಾನ ಬದಲಾಯಿಸ್ಬೇಕಂತೆ, ನಾನು ಅಕ್ಕನ್ನ ಕರ್ಕಂಡು ಎಲ್ಲಿ ಅಂತ ಹುಡುಕ್ಲಿ? ಮುಡಿಪು ಕಟ್ಟಿದೋನ್ದಲ್ಲ ಐನೋರೆ, ದೇವರ್ದು. ಯಾರನ್ನ ಕೂರಿಸ್ಬೇಕು ಅಂತ ಅವ್ನೇ ತೀರ್ಮಾನ ಮಾಡವ್ನೆ." ನಮಗಿಂತ ಮೊದಲೇ ತಲುಪುವಂತೆ ಲೆಕ್ಕಹಾಕಿ ಅವರು ರೈಲು ಹತ್ತಿದರು.

ವಿಮಾನ ಮೋಡಗಳನ್ನು ದಾಟಿದಾಗ ಅಕ್ಕನವರು ಕಿಟಕಿಗೆ ಹಣೆಯಿಟ್ಟು ಕೇಳಿದರು: "ನನ್ ತಮ್ಮ ಈಗ ಎಲ್ಲವ್ನೆ ಐನೋರೆ?"

"ಆಗಲೇ ಕಾಶಿಯಲ್ಲಿರುತ್ತಾರಮ್ಮ."

"ಅಂಗಾರೆ ನನಗಿಂತ ಮುಂಚೆ ಮುಳುಗೆದ್ದಿರ್ತಾನೆ ಕಳ್ಳ!"

ಅವರು ಮುಳುಗಿರಲಿಲ್ಲ. ಎರಡು ದಿನ ಗಂಗೆಯ ದಡದಲ್ಲಿಯೇ ಇದ್ದರೂ, ಛತ್ರದ ನಲ್ಲಿಯಲ್ಲಿ ಮಿಂದು ಕಾದಿದ್ದರು. ಸ್ನಾನಘಟ್ಟದ ಮೆಟ್ಟಿಲುಗಳನ್ನು ಅಕ್ಕನನ್ನು ಎತ್ತಿಕೊಂಡೇ ಇಳಿದರು. ನಾನು ಸಂಕಲ್ಪ ಮುಗಿಸುವಾಗ ಅವರು ಮುಳುಗದೆ ಕಾದಿದ್ದ ಸಂಗತಿ ಹೊರಬಂದಿತು. ಅಕ್ಕನವರು ತಮ್ಮನ ಮುಖವನ್ನೇ ನೋಡುತ್ತಾ, "ಏನ್ಲಾ, ಪಕ್ಕದಲ್ಲೇ ಗಂಗೆ ಅರೀತಿದ್ರೂ ಮುಟ್ನಿಲ್ವಾ? ದಡ್ಡ ಕಣ್ಲಾ ನೀನು" ಎಂದು ಬೈದು, ಮೊದಲ ಬೊಗಸೆ ನೀರನ್ನು ಸ್ವಂತ ತಲೆಗಲ್ಲ, ತಮ್ಮನ ತಲೆಗೆ ಸುರಿದರು. ಶಾಸ್ತ್ರಗಳನ್ನೋದಿದ ನಾನು ಅದಕ್ಕಿಂತ ದೊಡ್ಡ ಅಭಿಷೇಕವನ್ನು ಕಂಡಿಲ್ಲ.

ಊರಿಗೆ ಮರಳಿದ ಮರುವರ್ಷ ಅಕ್ಕನವರು ನಿಶ್ಚಿಂತೆಯಿಂದ ಕಣ್ಣುಮುಚ್ಚಿದರು. ಹೆಚ್ಚು ಕಾಲ ಹಿಂದುಳಿಯದೆ ಯಜಮಾನರೂ ಹೊರಟುಹೋದರು. ಈ ಜನ್ಮದಲ್ಲಿ ನನ್ನ ಸ್ವಂತ ಬಲದಿಂದ ನಾನು ಕಾಶಿಯನ್ನು ಕಾಣುವವನಾಗಿರಲಿಲ್ಲ. ಬಂಧುಗಳಲ್ಲದ ಉಪಕಾರಿಗಳಿಗೂ ತರ್ಪಣ ಬಿಡಲು ನಮ್ಮ ಹಿರಿಯರು ಅವಕಾಶವಿತ್ತಿದ್ದಾರೆ. ಪ್ರತಿ ಮಹಾಲಯದಲ್ಲಿ ಪಿತೃಗಳಿಗೆ ಕೊಟ್ಟಾದ ಮೇಲೆ, ಯಜಮಾನರ ಹೆಸರು ಹೇಳಿ ಒಂದು ಬೊಗಸೆ ಎಳ್ಳುನೀರು ಬಿಡುತ್ತೇನೆ. ಆಗ ಅಕ್ಕನವರು ಗಂಗೆಯಲ್ಲಿ ಅವರ ತಲೆಗೆ ಸುರಿದ ಆ ಮೊದಲ ಬೊಗಸೆ ನೆನಪಾಗಿ, ನನ್ನ ಕೈ ಒಂದು ಕ್ಷಣ ಹೆಚ್ಚಾಗಿಯೇ ನೀರಿನ ಮೇಲೆ ತಡೆಯುತ್ತದೆ.