ಬಿಸಲೆಯ ತಳ

ಕಾಪುವಿನ ನಮ್ಮ ಅಡುಗೆಮನೆಯಲ್ಲಿ ಒಂದು ಸಿನಿಮಾ ತೆಗೆದಿದ್ದಾರೆ. ನಾಯಕಿ ನಾನೇ. ಅದಕ್ಕೆ ಹಿಗ್ಗಿ, ಮಣಿಪಾಲದ ಪ್ರದರ್ಶನಕ್ಕೆ ಗಂಡನನ್ನೂ ಕರೆದುಕೊಂಡು, ಮದುವೆಮನೆಗೆ ಉಡುವ ಸೀರೆ ಉಟ್ಟು ಹೋದವಳೂ ನಾನೇ.

ತೆಗೆದವಳು ಕಾರ್ಕಳದ ನನ್ನ ತಂಗಿಯ ಮಗಳು, ಮಣಿಪಾಲದಲ್ಲಿ ಸಿನಿಮಾ ಕಲಿಯುವವಳು. "ದೊಡ್ಡಮ್ಮ, ನೀವು ದಿನಾ ಮಾಡುವುದನ್ನೇ ಮಾಡಿ. ಕ್ಯಾಮೆರಾ ಉಂಟು ಅಂತ ಮರೆತುಬಿಡಿ" ಎಂದಳು. ಮರೆತೆ. ಮೀನು ಶುಚಿ ಮಾಡಿದೆ, ಮಸಾಲೆ ಅರೆದೆ, ಬಟ್ಟೆ ಒಗೆದೆ, ನೆಲ ಒರೆಸಿದೆ. ತೆಂಗಿನಕಾಯಿ ತುರಿದು ಮುಗಿಯುವವರೆಗೂ ಅವಳು ಕ್ಯಾಮೆರಾ ಅಲುಗಿಸಲಿಲ್ಲ. ಕಲಾತ್ಮಕ ಚಿತ್ರವಂತೆ, ನೋಡುವವರಿಗೂ ಕೈ ನೋಯಬೇಕಂತೆ.

ಎಲ್ಲರ ಊಟವಾದ ಮೇಲೆ ನನ್ನದೊಂದು ಅಭ್ಯಾಸವಿದೆ. ಬಂಗುಡೆ ಮೀನಿನ ಸಾರು ಕುದಿಸಿದ ಮಣ್ಣಿನ ಬಿಸಲೆಯ ತಳದಲ್ಲಿ ಮಸಾಲೆ ದಪ್ಪಗೆ ಅಂಟಿರುತ್ತದೆ. ಅದಕ್ಕೆ ಒಂದಿಷ್ಟು ಕುಚ್ಚಲಕ್ಕಿ ಅನ್ನ ಹಾಕಿ, ಬಿಸಲೆಯಲ್ಲೇ ಕಲಸಿ, ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ತಿನ್ನುತ್ತೇನೆ. ಸಾರಿನ ರುಚಿಯೆಲ್ಲ ಇರುವುದೇ ಅಲ್ಲಿ. ಅದಕ್ಕೆಂದೇ ಬಡಿಸುವಾಗ ಸೌಟನ್ನು ತಳಕ್ಕೆ ತಾಗಿಸುವುದಿಲ್ಲ. ಈ ಕಳ್ಳತನ ಗೊತ್ತಿದ್ದದ್ದು ಅವಳೊಬ್ಬಳಿಗೆ. ಸಣ್ಣವಳಿದ್ದಾಗ ರಜೆಗೆ ಬಂದರೆ "ನನಗೂ ತಳ" ಎಂದು ಅದೇ ಬಿಸಲೆಗೆ ಕೈ ಹಾಕುತ್ತಿದ್ದಳು.

ಪರದೆಯ ಮೇಲೆ ಗಂಡ, ಮೈದುನ ಮೇಜಿನಲ್ಲಿ ಉಂಡು ಎದ್ದರು. ಆಮೇಲೆ ನಾನು, ಬೆನ್ನು ಬಗ್ಗಿಸಿ ಬಿಸಲೆ ಕೆರೆಯುತ್ತಿದ್ದೇನೆ. ಹಿನ್ನೆಲೆಯಲ್ಲಿ ಪಿಟೀಲು ಅಳುತ್ತಿದೆ. ಅಂದು ನಾನು ಬೆರಳು ನೆಕ್ಕಿ, ಅವಳತ್ತ ತಿರುಗಿ, "ತಳ ಬೇಕಾ?" ಎಂದು ನಕ್ಕಿದ್ದೆ. ಆ ನಗು ಇರಲಿಲ್ಲ. ಪಕ್ಕದಲ್ಲಿದ್ದ ಯಾರೋ ಹುಡುಗಿ ಕಣ್ಣೊರೆಸಿಕೊಂಡಳು. ಚಿತ್ರದ ಹೆಸರು 'ಉಳಿದದ್ದು'.

ಹೊರಗೆ ಬಂದು ತಂಗಿಯ ಮಗಳನ್ನು ಕೇಳಿದೆ. "ನನ್ನ ನಗುವನ್ನು ಎಂತ ಮಾಡಿದೆ?"

"ಕತ್ತರಿಸಬೇಕಾಯಿತು ದೊಡ್ಡಮ್ಮ. ಮೂಡ್ ಹಾಳಾಗುತ್ತಿತ್ತು."

"ಆ ತಳ ಎಂತದ್ದು ಅಂತ ನಿನಗೆ ಗೊತ್ತುಂಟಲ್ಲ?"

"ನನಗೆ ಗೊತ್ತುಂಟು. ನೋಡುವವರಿಗೆ ಗೊತ್ತಿಲ್ಲ, ಅಲ್ವಾ?"

ಗೊತ್ತಿಲ್ಲದವರು ಮಾಡಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ಇವಳು ನನ್ನ ಜೊತೆ ತಿಂದವಳು. ನನ್ನ ಸುಖವನ್ನೇ ಊರಿಗೆಲ್ಲ ದುಃಖವೆಂದು ಬಡಿಸಿದಳು. ತಬ್ಬಿಕೊಳ್ಳಲು ಬಂದವಳ ಕೈ ಸರಿಸಿ ಬಸ್ಸು ಹತ್ತಿದೆ.

ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಗಂಡ ನನ್ನ ಕೈಚೀಲವನ್ನೂ ತಾವೇ ಹಿಡಿದುಕೊಂಡರು. ಮರುದಿನ ಮಧ್ಯಾಹ್ನ ನನ್ನನ್ನು ಮೇಜಿನ ಮುಂದೆ ಕೂರಿಸಿ ತಾವೇ ಸೌಟು ಹಿಡಿದರು. "ಇಷ್ಟು ವರ್ಷ ನಾನು ನೋಡಲೇ ಇಲ್ಲ ಮಾರಾಯ್ತಿ" ಎಂದರು. ಬೇಡವೆನ್ನಬೇಕಾದರೆ ನನ್ನ ಕಳ್ಳತನ ಹೇಳಬೇಕು. ಹೇಳಿದರೂ ಈಗ ನಂಬುವವರಲ್ಲ, ಸಿನಿಮಾ ನೋಡಿ ಬಂದವರು. ಸೌಟನ್ನು ತಳದವರೆಗೆ ಇಳಿಸಿ, ಕೆರೆದು, ಎಲ್ಲರಿಗೂ ಸಮನಾಗಿ ಬಡಿಸಿದರು. ಆಮೇಲೆ ಒಳಗೆ ಹೋಗಿ, ತೊಳೆಯಲು ನನಗೆ ಕಷ್ಟವಾಗದಿರಲೆಂದು, ಬಿಸಲೆಗೆ ನೀರು ತುಂಬಿಸಿಟ್ಟು ಬಂದರು.