ರೇಣುಕಾಳ ಕೈಗುಣ

ಹನಗೋಡಿನ ಪಕ್ಕದ ಹಳ್ಳಿಗೆ ರೇಣುಕಾ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷದಲ್ಲಿ ಅವಳು ಹಿತ್ತಲಲ್ಲಿ ನೆಟ್ಟ ಟೊಮೇಟೊ, ಮೆಣಸಿನ ಗಿಡಗಳು ಎಷ್ಟೋ. ಅವುಗಳಲ್ಲಿ ಎಷ್ಟು ಸತ್ತವು ಎಂಬುದು ಮಾತ್ರ ಬೀದಿಯ ಎಲ್ಲರಿಗೂ ಗೊತ್ತು. ಸಾಯದೆ ಉಳಿದವು ಇನ್ನೂ ದೊಡ್ಡ ಅವಮಾನ. ಎಲೆ ಮುದುರಿಕೊಂಡು, ಮೈಮೇಲೆ ಹಳದಿ ಮಚ್ಚೆ ಹೊತ್ತುಕೊಂಡು, ಗೋಲಿ ಗಾತ್ರದ ಎರಡು ಕಾಯಿ ಬಿಟ್ಟು, ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ ಬೇಲಿ ಪಕ್ಕದಲ್ಲೇ ನಿಂತಿರುತ್ತಿದ್ದವು. ಸತ್ತ ಗಿಡವನ್ನಾದರೂ ಕಿತ್ತು ತಿಪ್ಪೆಗೆ ಎಸೆಯಬಹುದಿತ್ತು.

ಅತ್ತೆ ರಾಚಮ್ಮನದು ಊರಲ್ಲೇ ಹೆಸರಾದ ಕೈ. ಕೈಕಾಲು ಗಟ್ಟಿಯಿದ್ದ ಕಾಲದಲ್ಲಿ ಅವಳು ಒಂದು ಹಿಡಿ ಬದನೆ ಬೀಜ ಚೆಲ್ಲಿದರೆ ಇಡೀ ಬೀದಿಗೆ ಪೈರು ಹಂಚಿ ಮಿಕ್ಕುತ್ತಿತ್ತು. ಮಂಡಿ ನೋವು ಹಿಡಿದ ಮೇಲೆ ಬಗ್ಗಲು ಆಗದೆ ಹಿತ್ತಲನ್ನು ಸೊಸೆಗೆ ಬಿಟ್ಟುಕೊಟ್ಟಳು. ಎರಡು ವರ್ಷ ಬಾಯಿ ಕಟ್ಟಿಕೊಂಡು ನೋಡಿದಳು. ಮೂರನೆಯ ವರ್ಷ ಮುದುರಿ ನಿಂತ ಮೆಣಸಿನ ಮಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ನಿನ್ ಕೈ ಆಗಿಬರಲ್ಲ ಕಣಮ್ಮಿ, ಬುಡು" ಅಂದಳು. ಕೋಪದಿಂದ ಅಂದಿದ್ದರೆ ರೇಣುಕಾಳಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಅತ್ತೆ ಅದನ್ನು ಮಾಮೂಲಿ ವಿಷಯದ ಹಾಗೆ ಹೇಳಿ ಒಳಗೆ ಹೋದಳು.

ಆ ಮಾತು ಬೇಲಿ ದಾಟಲು ಒಂದು ವಾರವೂ ಬೇಕಾಗಲಿಲ್ಲ. ಪಕ್ಕದ ಮನೆ ಭದ್ರಮ್ಮ ಅವರೆ ಬೀಜ ಹಾಕುತ್ತಿದ್ದಾಗ ರೇಣುಕಾ ಸುಮ್ಮನೆ ಮಾತಾಡಿಸಲು ಹೋದರೆ, ಅವಳು ಬೀಜದ ಮೊರಕ್ಕೆ ಸೆರಗು ಮುಚ್ಚಿ, "ತಪ್ ತಿಳ್ಕೋಬ್ಯಾಡ ಕಣವ್ವ, ವರ್ಷಕ್ಕೊಂದ್ ಸಲ ಆಕೋದು" ಅಂದಳು. ರೇಣುಕಾ ನಕ್ಕಳು. ನಗದೆ ಇನ್ನೇನು ಮಾಡಬೇಕಿತ್ತು? ಮನೆಗೆ ಬಂದು ಒಲೆ ಮುಂದೆ ಕೂತವಳಿಗೆ ಮುದ್ದೆ ತಿರುವುವ ಶಕ್ತಿಯೂ ಇರಲಿಲ್ಲ. ಅಂದಿನಿಂದ ಯಾರ ಮನೆಗೆ ಹೋದರೂ ಅವಳು ತುಳಸಿಕಟ್ಟೆಯನ್ನೂ ಮುಟ್ಟಲಿಲ್ಲ. ಅವರು ಬೇಡ ಅನ್ನುವ ಮೊದಲು ತಾನೇ ದೂರ ನಿಂತರೆ ಮರ್ಯಾದೆಯಾದರೂ ಉಳಿಯುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದಳು.

ಹಾಗಂತ ಅವಳ ಕೈಯಲ್ಲಿ ಏನೂ ಬೆಳೆಯುತ್ತಲೇ ಇರಲಿಲ್ಲ ಎಂದಲ್ಲ. ಅವಳು ನೆಟ್ಟ ಕುಂಬಳ ಒಂದು ವರ್ಷ ಬೇಲಿ ಹತ್ತಿ, ಮಾಡು ಹತ್ತಿ, ಭದ್ರಮ್ಮನ ಕೊಟ್ಟಿಗೆಯ ಮೇಲೂ ಕಾಯಿ ಇಳಿಬಿಟ್ಟಿತ್ತು. ಬಸಳೆ, ತಿಂಗಳ ಹುರುಳಿ ತಿಂದು ಸಾಕಾಗುವಷ್ಟು ಬಂದವು. ಆದರೆ ಅವು ಯಾವುವೂ ಲೆಕ್ಕಕ್ಕೆ ಸೇರಲಿಲ್ಲ. "ಕುಂಬಳ ಯಾರ್ ಆಕಿದ್ರೂ ಬತ್ತದೆ ಬುಡು" ಎಂದು ಊರು ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿತು. ಅದೇ ಅವಳು ಆಸೆಪಟ್ಟು ಸಾಕಿದ ಎಂಟು ಪರಂಗಿ ಗಿಡಗಳು, ಎಂಟಕ್ಕೆ ಎಂಟೂ ಗಂಡಾಗಿ ಬರೀ ಹೂ ಉದುರಿಸಿದಾಗ ಮಾತ್ರ ಎಲ್ಲರಿಗೂ ಅವಳ ಕೈ ನೆನಪಾಯಿತು. ಮನುಷ್ಯರ ನ್ಯಾಯವೇ ಹೀಗೆ, ಏನು ಹೇಳುವುದು.

ರೇಣುಕಾ ದುಡಿಯುವುದು ಹೊಗೆಸೊಪ್ಪಿನ ಶೆಡ್ಡಿನಲ್ಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಶುರುವಾದರೆ ಸಂಕ್ರಾಂತಿ ಕಳೆಯುವ ತನಕ ಬಿಡುವಿಲ್ಲ. ಬ್ಯಾರನ್ನಿನ, ಅಂದರೆ ಸೊಪ್ಪು ಹದ ಮಾಡುವ ಗೂಡಿನ, ಬಿಸಿಯಲ್ಲಿ ಬೆಂದು ಬಂದ ಎಲೆಗಳನ್ನು ಬಣ್ಣ ನೋಡಿ, ಮೈ ನೋಡಿ ಬೇರೆ ಬೇರೆ ಮಾಡುವ ಕೆಲಸ. ಬೆಳಿಗ್ಗೆ ಗೂಡ್ಸ್ ಆಟೊದಲ್ಲಿ ಹೋದರೆ ಸಂಜೆ ಹೊತ್ತು ಮುಳುಗುವಾಗ ವಾಪಸು. ಬೆರಳಿಗೆಲ್ಲ ಅಂಟು ಹತ್ತಿ ಕಪ್ಪಾಗಿರುತ್ತಿತ್ತು, ತುತ್ತು ಬಾಯಿಗಿಟ್ಟರೆ ಕಹಿ. ಬೆಳಕು ಹೋಗುವುದರೊಳಗೆ ಗಿಡ ನೋಡಬೇಕಲ್ಲ ಎಂದು, ಆಟೊ ಇಳಿದವಳೇ ತೊಟ್ಟಿಯ ನೀರಲ್ಲಿ ಕೈ ಅದ್ದಿ ನೇರ ಹಿತ್ತಲಿಗೆ ನಡೆಯುತ್ತಿದ್ದಳು. ಕುಡಿ ಎತ್ತಿ ನೋಡುವುದು, ಒಣಗಿದ ಎಲೆ ಚಿವುಟುವುದು, ಬುಡ ಸಡಿಲ ಮಾಡುವುದು. ರೋಗ ಕಂಡರೆ ಶೆಡ್ಡಿನಿಂದ ಸೆರಗಿನ ತುದಿಯಲ್ಲಿ ಕಟ್ಟಿ ತಂದ ಹೊಗೆಸೊಪ್ಪಿನ ಪುಡಿಯನ್ನು ನೆನೆಹಾಕಿ ಆ ನೀರು ಚಿಮುಕಿಸುತ್ತಿದ್ದಳು. ಹುಳ ಸಾಯುತ್ತದೆಂದು ಊರವರೆಲ್ಲ ಮಾಡುವ ಮದ್ದು ಅದು. ಹುಳ ಸಾಯುತ್ತಿದ್ದದ್ದೂ ನಿಜ, ಆದರೆ ಗಿಡ ಇನ್ನಷ್ಟು ಮುದುರುತ್ತಿತ್ತು.

ಈ ವರ್ಷ ಅವಳು ಏನನ್ನೂ ನೆಡಲಿಲ್ಲ. ಸಾಕಾಗಿತ್ತು. ಆಗ ಬಚ್ಚಲ ನೀರು ಹರಿಯುವ ಕಡೆ, ಕೊಳೆತ ಹಣ್ಣು ಎಸೆದ ಜಾಗದಲ್ಲಿ, ಒಂದು ಟೊಮೇಟೊ ಗಿಡ ತಾನಾಗೇ ಎದ್ದಿತು. ಯಾರೂ ನೀರು ಹಾಕಲಿಲ್ಲ, ಗೊಬ್ಬರ ಹಾಕಲಿಲ್ಲ. ದೀಪಾವಳಿ ಹೊತ್ತಿಗೆ ಎದೆಯುದ್ದ ಬೆಳೆದು ಗೊಂಚಲು ಗೊಂಚಲು ಕಾಯಿ ಬಿಟ್ಟಿತು. ರಾಚಮ್ಮ ಅದರ ಮುಂದೆ ಎರಡೂ ಕೈ ಜೋಡಿಸಿ ಸೊಸೆಗೆ ಹೇಳಿದಳು:

"ಇದೊಂದ್ನ ಮುಟ್ಬ್ಯಾಡ ಕಣಮ್ಮಿ. ನಿನ್ ದಮ್ಮಯ್ಯ ಅಂತೀನಿ."

ರೇಣುಕಾ ಮುಟ್ಟಲಿಲ್ಲ. ಬಚ್ಚಲಿಗೆ ಹೋಗುವಾಗ ಸೀರೆಯ ಅಂಚೂ ತಾಕದ ಹಾಗೆ ಗೋಡೆ ಒತ್ತಿಕೊಂಡು ಹೋದಳು. ಇಷ್ಟು ವರ್ಷ ಒಳಗೊಳಗೇ ಸಣ್ಣ ಅನುಮಾನವಾದರೂ ಇತ್ತು, ಮಣ್ಣು ಸರಿಯಿಲ್ಲವೇನೋ, ಬೀಜ ಸರಿಯಿಲ್ಲವೇನೋ ಎಂದು. ಈಗ ಅದೂ ಹೋಯಿತು. ಅದೇ ಹಿತ್ತಲು, ಅದೇ ಮಣ್ಣು, ಅವಳು ಮುಟ್ಟದಿದ್ದರೆ ಇಷ್ಟು ಚೆನ್ನಾಗಿ ಬರುತ್ತದೆ.

ಕಾರ್ತಿಕದಲ್ಲಿ ಒಂದು ದಿನ ಶೆಡ್ಡಿನಲ್ಲಿ ಊಟದ ಹೊತ್ತಿಗೆ, ಸೊಪ್ಪನ್ನು ಒತ್ತಿ ಬೇಲು, ಅಂದರೆ ಮೂಟೆ, ಕಟ್ಟುವ ಅಣ್ಣಯ್ಯ ತನ್ನ ತಮ್ಮನ ಮಗನನ್ನು ಬಯ್ಯುತ್ತಿದ್ದ. ಅಣ್ಣಯ್ಯನಿಗೂ ಎರಡು ಎಕರೆ ಹೊಗೆಸೊಪ್ಪಿನ ಹೊಲವಿತ್ತು. "ಬ್ಯಾಸ್ಗೇಲಿ ಬೀಡಿ ಸೇದ್ಕೊಂಡು ಪೈರಿನ ಮಡಿಗೆ ಇಳಿದವ್ನೆ ಕಣ್ರವ್ವ. ಸೋಪಾಕಿ ಕೈ ತೊಳ್ದು ಇಳೀಲಾ ಅಂದ್ರೆ ಕೇಳಾಕಿಲ್ಲ. ಒಣಗಿದ್ ಸೊಪ್ಪಲ್ಲೂ ರೋಗ ಇರ್ತದೆ, ಕೈಲಿ ಅತ್ಕೊಂಡು ಬತ್ತದೆ ಅಂತ ತಂಬಾಕು ಬೋರ್ಡ್ ಆಫೀಸರು ಏಳಿಲ್ವ? ಮಡೀಗ್ ಮಡೀನೇ ಮಚ್ಚೆ ಬಿದ್ದೋಯ್ತು."

ರೇಣುಕಾಳ ತುತ್ತು ಕೈಯಲ್ಲೇ ನಿಂತಿತು. "ಅಣ್ಣಯ್ಯಣ್ಣ, ಅದು ಟೊಮೇಟೊಗೂ ಬತ್ತದಾ?"

"ಟೊಮೇಟೊ, ಮೆಣಸಿನಕಾಯಿ, ಬದ್ನೆ, ಎಲ್ಲಾ ಒಂದೇ ಕುಲ ಕಣವ್ವ. ಎಲ್ಲಾಕೂ ಬತ್ತದೆ."

"ಕುಂಬಳಕ್ಕೆ?"

"ಅದಕ್ಯಾಕೆ ಬತ್ತದೆ? ಅದು ಬ್ಯಾರೆ" ಅಂದು ಅಣ್ಣಯ್ಯ ಕೈ ತೊಳೆಯಲು ಎದ್ದ.

ಸಂತೋಷವಾಗಬೇಕಿತ್ತು. ರೇಣುಕಾಳಿಗೆ ಆದದ್ದು ದಣಿವು. ಯಾವ ಕೈ ದುಡಿದು ಮನೆಗೆ ಅಕ್ಕಿ ತಂದಿತೋ ಅದೇ ಕೈಯನ್ನು ಇಷ್ಟು ವರ್ಷ ಎಲ್ಲರ ಜೊತೆ ಸೇರಿ ತಾನೂ ಬೈದುಕೊಂಡಿದ್ದಳು. ಸಂಜೆ ಗಂಡ ಸೋಮಶೇಖರನಿಗೆ ಹೇಳಿದಳು. ಅವನು ಮೊಬೈಲಿನಿಂದ ಕಣ್ಣೆತ್ತದೆ, "ಅಂಗಾ? ಸೋಪಾಕ್ಕೊಂಡ್ರಾಯ್ತು ಬುಡು" ಅಂದ. ಅವನ ಪಾಲಿಗೆ ಅಲ್ಲಿಗೆ ಮುಗಿಯಿತು. ಅತ್ತೆಗೆ ಹೇಳಲು ಅವಳಿಗೆ ಧೈರ್ಯ ಬರಲಿಲ್ಲ. ಬರೀ ಮಾತಿನಿಂದ ಯಾರು ನಂಬುತ್ತಾರೆ? ಸೋತವರು ಕಾರಣ ಹೇಳಿದರೆ ನೆಪ ಹೇಳಿದ ಹಾಗೆ ಕೇಳಿಸುತ್ತದೆ.

ಅದಾದ ನಾಲ್ಕನೆಯ ದಿನ ಗಾಳಿ ಮಳೆ ಬಂತು. ಬೆಳಗಾಗೆದ್ದು ನೋಡಿದರೆ ಟೊಮೇಟೊ ಗಿಡ ಕಾಯಿಯ ಭಾರಕ್ಕೆ ಬಚ್ಚಲ ಕೊಚ್ಚೆಗೆ ಬಾಗಿ ಬಿದ್ದಿತ್ತು. ಹಾಗೇ ಬಿಟ್ಟರೆ ಎರಡು ದಿನದಲ್ಲಿ ಎಲ್ಲ ಕೊಳೆಯುತ್ತಿತ್ತು. ಗಂಡ ಆಗಲೇ ಹುಣಸೂರಿಗೆ ಹೋಗಿದ್ದ, ಅತ್ತೆ ಎದ್ದ ಸದ್ದು ಇನ್ನೂ ಕೇಳಿರಲಿಲ್ಲ. ಎದ್ದಿದ್ದರೂ ಬಗ್ಗುವವರು ಯಾರು? ರೇಣುಕಾ ತನ್ನ ಕೈ ನೋಡಿಕೊಂಡಳು. ತಾನು ಮುಟ್ಟಿದ ಮೇಲೆ ಇದು ಮುದುರಿತೋ, ಸಾಯುವ ತನಕ ಆ ಮಾತು ತನ್ನ ಬೆನ್ನು ಬಿಡುವುದಿಲ್ಲ. ಅಣ್ಣಯ್ಯನ ಮಾತೂ ಸುಳ್ಳಾಗುತ್ತದೆ.

ಬಟ್ಟೆ ಸೋಪು ತಂದು ಮೊಣಕೈ ತನಕ ಮೂರು ಸಲ ತೊಳೆದಳು. ತೆಂಗಿನ ನಾರಿನಿಂದ ಉಗುರಿನ ಸಂದಿಯನ್ನು ಉರಿಯುವ ತನಕ ಉಜ್ಜಿದಳು. ಆಸರೆ ಕೊಡಲು ಗೋಡೆಗೆ ಒರಗಿಸಿದ್ದ ಹೊಗೆಸೊಪ್ಪು ಪೋಣಿಸುವ ಕಡ್ಡಿಗೆ ಕೈ ಹಾಕಿದವಳು ಬೆಂಕಿ ತಾಕಿದಂತೆ ಹಿಂದೆಗೆದು, ಬೇಲಿಯಿಂದ ಹಸಿ ಗೂಟ ಮುರಿದು ನೆಟ್ಟಳು. ಗಿಡವನ್ನು ಮೆಲ್ಲಗೆ ಎತ್ತಿ, ಒಗೆದ ಹಳೇ ಸೀರೆಯ ಪಟ್ಟಿಯಿಂದ ಕಟ್ಟಿದಳು. ಆಮೇಲೆ ಮತ್ತೆ ಕೈ ತೊಳೆದು ಕೆಲಸಕ್ಕೆ ಹೋದಳು.

ಮುಂದಿನ ಮೂರು ವಾರ ಅವಳು ಸರಿಯಾಗಿ ಉಣ್ಣಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ದೂರದಿಂದಲೇ ಕುಡಿ ನೋಡುವುದೇ ಆಯಿತು. ಅತ್ತೆ ಗೂಟವನ್ನು ನೋಡಿದಳೋ ಇಲ್ಲವೋ, ಏನೂ ಕೇಳಲಿಲ್ಲ. ಹೊಸ ಎಲೆಗಳು ನೆಟ್ಟಗೆ ಬಂದವು. ಕಾಯಿ ಕೆಂಪಾದವು.

ಒಂದು ಭಾನುವಾರ ರಾಚಮ್ಮ ಮೊರದ ತುಂಬ ಹಣ್ಣು ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಭದ್ರಮ್ಮ ಬಂದು ಉಡಿಗೆ ಹಣ್ಣು ಹಾಕಿಸಿಕೊಂಡು, "ಯಾರೂ ಮುಟ್ನಿಲ್ವಲ್ಲ, ಅದಕ್ಕೇ ಇಂಗ್ ಬಂದದೆ" ಅಂದಳು. ರಾಚಮ್ಮ "ಊಂ, ತಾನಾಗೇ ಬಂದದ್ದು" ಅಂದಳು. ಬಾಗಿಲಲ್ಲಿ ನಿಂತಿದ್ದ ರೇಣುಕಾಳಿಗೆ ಭದ್ರಮ್ಮ ಬೇಲಿ ದಾಟುವ ತನಕವೂ ತಡೆಯಲಾಗಲಿಲ್ಲ.

"ತಾನಾಗೇ ಬರ್ನಿಲ್ಲ ಅತ್ತೆ. ಬಿದ್ದೋಗಿತ್ತು, ನಾನು ಎತ್ತಿ ಕಟ್ದೆ. ನನ್ ಕೈ ಕೆಟ್ಟದ್ದಲ್ಲ. ಕೈಗತ್ತಿದ್ ಹೊಗೆಸೊಪ್ಪು ಅತ್ತೆ, ಸೋಪಾಕಿ ತೊಳೆದ್ರೆ ಓಯ್ತದೆ. ನಂಬೋದಾದ್ರೆ ನಂಬಿ, ಇಲ್ದಿದ್ರೆ ಬುಡಿ."

ಬೇಲಿ ದಾಟುತ್ತಿದ್ದ ಭದ್ರಮ್ಮ ಒಮ್ಮೆ ತಿರುಗಿ ನೋಡಿ ತನ್ನ ಮನೆಗೆ ನಡೆದಳು. "ಗೊತ್ತು ಕಣಮ್ಮಿ" ಅಂದಳು ರಾಚಮ್ಮ. "ನೀ ಕೈ ಉಜ್ಜುತಿದ್ದಾಗ್ಲೇ ನಾ ಕಿಟಕೀಲಿ ನಿಂತಿದ್ದೆ."

"ಮತ್ಯಾಕೆ ಒಂದ್ ಮಾತೂ ಆಡ್ನಿಲ್ಲ?"

"ಆಡಿದ್ರೆ ನೀ ಮುಟ್ಟಿದ್ದು ಊರ್ಗೆ ಗೊತ್ತಾಗೋದು. ಒಣಗಿದ್ರೆ, ಬಚ್ಚಲಿಗೆ ಓಗೋವಾಗ ನಾನೇ ಎಡವಿ ಮುರ್ದಾಕ್ದೆ ಅಂತ ಏಳೋವ ಅಂತಿದ್ದೆ."

ರೇಣುಕಾ ಬಾಗಿಲು ಬಿಟ್ಟು ಜಗಲಿಗೆ ಬಂದಳು. "ನನ್ ಕೈ ಆಗಿಬರಲ್ಲ ಅಂತ ಮೊದ್ಲು ಅಂದೋರು ನೀವೇ ಅಲ್ವಾ ಅತ್ತೆ?"

ರಾಚಮ್ಮ ಮೊರದಲ್ಲಿದ್ದ ಹಣ್ಣುಗಳನ್ನು ಆಚೀಚೆ ಸರಿಸಿದಳು. "ನಾನೇ ಕಣಮ್ಮಿ. ಅಂದ್ ಮಾತ ಎಲ್ಲರ್ ಬಾಯಿಂದ ವಾಪಸ್ ಇಸ್ಕೊಳಾಕಾದದ? ಗಿಡ ಒಣಗಿದ್ರೆ ಆ ತಪ್ಪೊಂದ್ನಾದ್ರೂ ನನ್ ಮ್ಯಾಲೆ ಆಕ್ಕೊಬೋದಿತ್ತು."

ರೇಣುಕಾ ಅಲ್ಲೇ ಅತ್ತೆಯ ಪಕ್ಕದಲ್ಲಿ ಕುಸಿದು ಕೂತು, ಕೈಯನ್ನು ಮಡಿಲಲ್ಲಿ ಬಿಟ್ಟುಕೊಂಡು ಅತ್ತಳು. ಬೀದಿಯಲ್ಲಿ ಹೋಗುವವರು ನೋಡಿದರು. ಇಬ್ಬರೂ ಒಳಗೆ ಎದ್ದು ಹೋಗಲಿಲ್ಲ.