ಹಟ್ಟಿ ಕಡೆಯ ಗೋಡೆ

ನೀಲಗಿರಿಯ ನಮ್ಮ ಬಡಗ ಮಾತನ್ನು ಹಳಗನ್ನಡ ಎಂದು ಹೊಗಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಾಲ್ಕು ಪದ ಕನ್ನಡದ ಹಾಗೆ ಕೇಳಿಸಿದರೆ ಸಾಕು, ಉಳಿದದ್ದೂ ತಮಗೆ ಗೊತ್ತೆಂದೇ ಅವರು ತಿಳಿಯುತ್ತಾರೆ. ತಮಿಳಿನವರಿಗೆ ಅರ್ಥವಾಗದಿದ್ದರೆ ಏನೆಂದು ಕೇಳುತ್ತಾರೆ. ಕನ್ನಡದವರು ಕೇಳುವುದಿಲ್ಲ. ಹಾಗೆ ಕೇಳದೆ ಹೋದ ಒಬ್ಬರಿಂದ ನಮ್ಮೂರಿನ ಸಭಾಭವನ ಕೆಟ್ಟಿತು. ಅವರೊಬ್ಬರಿಂದಲೇ ಎಂದು ಬರೆದು ನಾನು ಕೈ ತೊಳೆದುಕೊಳ್ಳಬಹುದು, ಆದರೆ ಅದು ಸುಳ್ಳು.

ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದ ನಾನು ಆಗ ಉದಕಮಂಡಲದ ಒಂದು ಕಟ್ಟಡ ವಿನ್ಯಾಸದ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಕಂಪ್ಯೂಟರಿನಲ್ಲಿ ಬರೀ ಗೆರೆ ಎಳೆಯುವ ಕಾಲ ಮುಗಿದು, ಇಡೀ ಕಟ್ಟಡವನ್ನೇ ಒಳಗೆ ಕಟ್ಟಿ ನಿಲ್ಲಿಸುವ ತಂತ್ರಾಂಶ ಬಂದಿತ್ತು. ಅದರಲ್ಲಿ ಗೋಡೆಗೆ ತಾನು ಗೋಡೆ ಎಂದು ಗೊತ್ತು, ಬಾಗಿಲಿಗೆ ತಾನು ಬಾಗಿಲು ಎಂದು ಗೊತ್ತು. ಅಂಥ ಹೊತ್ತಿನಲ್ಲೇ ನಮ್ಮೂರಿನ ಸಭಾಭವನದ ಕೆಲಸ ಆಫೀಸಿಗೆ ಬಂತು. ಕಟ್ಟಿಸಿಕೊಡುತ್ತಿದ್ದವರು ನಮ್ಮೂರಿನವರೇ, ಕೂನೂರಿನಲ್ಲಿ ಟೀ ವ್ಯಾಪಾರ ಮಾಡಿ ಮೇಲೆ ಬಂದವರು. ಮೈಕಿಲ್ಲದೆ ಆಡಿದ ಮಾತು ಕೊನೆಯ ಸಾಲಿನವರೆಗೂ ಕೇಳಿಸಬೇಕು ಎಂಬ ಮಾತನ್ನು ಅವರ ತಲೆಗೆ ತುಂಬಿದವಳು ನಾನೇ.

ತುಂಬಿದ್ದು ಅಪ್ಪನಿಗಾಗಿ. ಟೀ ಫ್ಯಾಕ್ಟರಿಯಲ್ಲಿ ಎಲೆ ಹೊಸೆಯುವ ರೋಲರುಗಳ ಪಕ್ಕದಲ್ಲಿ ಅರ್ಧ ಆಯುಷ್ಯ ನಿಂತು ಅವನ ಕಿವಿ ಮಂದವಾಗಿತ್ತು. ಊರಿನ ಕೂಟದಲ್ಲಿ ತೀರ್ಮಾನ ಹೇಳುವ ಹಿರಿಯರಲ್ಲಿ ಅವನೂ ಒಬ್ಬ. ಕೂಟ ಹುಲ್ಲುಬಯಲಿನ ಕಲ್ಲುಕಟ್ಟೆಯ ಹತ್ತಿರ ಸೇರುತ್ತಿದ್ದಾಗ ಮಾತಾಡುವವರಿಗೆ ಒತ್ತಿ ಕೂತು, ತುಟಿ ನೋಡಿ, ಹೇಗೋ ನಿಭಾಯಿಸುತ್ತಿದ್ದ. ಆ ಜಾಗವೇ ಅವನಿಗೆ ಮರ್ಯಾದೆ, ಅದೇ ಅವನ ಬದುಕು. ಭವನದ ಒಳಗೆ ಹೋದ ಮೇಲೆ ಎಲ್ಲಿ ಕೂತರೂ ಕೇಳಿಸುತ್ತದೆ ಎಂದು ನಾನು ಅವನಿಗೆ ಮಾತು ಕೊಟ್ಟೆ.

ಮೈಸೂರಿನಲ್ಲಿ ಒಬ್ಬ ಧ್ವನಿತಜ್ಞರಿದ್ದರು. ಕಟ್ಟುವ ಮೊದಲೇ ಕೋಣೆಯೊಳಗೆ ಮಾತು ಹೇಗೆ ಕೇಳಿಸೀತು ಎಂದು ಲೆಕ್ಕ ಹಾಕಿ ಹೇಳುವ ತಂತ್ರಾಂಶ ಅವರಲ್ಲಿತ್ತು. ನಮ್ಮ ಮಾದರಿ ಅದರೊಳಗೆ ಇಳಿಯಬೇಕು. ಇಳಿಸಲು ಹೋದರೆ ಎಲ್ಲವೂ ತಲೆಕೆಳಗು. ನಮ್ಮದರಲ್ಲಿ ಬಾಗಿಲ ಹಿಡಿ, ಚಿಲಕ, ಕಿಟಕಿಯ ಜಾಲರಿ ಎಲ್ಲ ಇದ್ದವು. ಅವರದಕ್ಕೆ ಸದ್ದು ಬಡಿಯುವ ಮೈಗಳು ಮಾತ್ರ ಸಾಕು. ಎರಡು ವಾರ ಕೂತು ಒಂದೊಂದನ್ನೇ ಕಿತ್ತು ಹಾಕಿದೆ. ಗೋಡೆಗೂ ಸೂರಿಗೂ ನಡುವೆ ಬೆರಳಗಲ ಸಂದು ಉಳಿದರೂ ಲೆಕ್ಕದ ಸದ್ದು ಅಲ್ಲಿಂದ ಸೋರಿ ಹೋಗುತ್ತದೆ, ಅದನ್ನೂ ಮುಚ್ಚಿದೆ. ಕೊನೆಗೆ ಉಳಿದದ್ದು ಗೋಡೆಗಳ ಹೆಸರು. ನಮ್ಮ ತಂತ್ರಾಂಶ ಕೊಟ್ಟಿದ್ದ ನಂಬರುಗಳು ಆ ಕಡೆ ಹೋದ ಕೂಡಲೇ ಒಂದಕ್ಕೊಂದು ಬೆರೆತು ಹೋಗುತ್ತಿದ್ದವು. ಅದಕ್ಕೆ ಊರಿನವರು ಕರೆಯುವ ಹಾಗೆಯೇ ಹೆಸರಿಟ್ಟೆ. ತೋಟದ ಕಡೆಯದು ತೋಟ, ಹಳ್ಳದ ಕಡೆಯದು ಹಳ್ಳ. ವೇದಿಕೆಗೆ ಎದುರಾಗಿ ಹಿಂದೆ ನಿಲ್ಲುವ ದೊಡ್ಡ ಗೋಡೆ ಊರಿನ ಕಡೆಯದು. ನಮ್ಮಲ್ಲಿ ಊರಿಗೆ ಹಟ್ಟಿ ಎನ್ನುತ್ತೇವೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಷ್ಟೇ ನಡೆಯುತ್ತಿದ್ದವು. ಎಚ್, ಎ, ಎರಡು ಟಿ, ಐ ಎಂದು ಹೊಡೆದೆ.

ಆಗಿನ ಇಂಟರ್ನೆಟ್ಟಿನಲ್ಲಿ ಅಷ್ಟು ದೊಡ್ಡ ಫೈಲು ಹೋಗುತ್ತಿರಲಿಲ್ಲ. ಸಿಡಿಗೆ ತುಂಬಿ ಗೂಡಲೂರಿನ ಮೇಲೆ ಹೋಗುವ ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಯಾವ ಗೋಡೆ ಯಾವುದರದು, ಗಾರೆಯೋ ಮರವೋ ಬಟ್ಟೆಯೋ ಎಂದು ಧ್ವನಿತಜ್ಞರು ಒಂದೊಂದು ಹೆಸರಿಗೂ ಸೇರಿಸಬೇಕಿತ್ತು, ಯಾಕೆಂದರೆ ಒಂದೊಂದು ವಸ್ತು ಒಂದೊಂದು ಪ್ರಮಾಣದಲ್ಲಿ ಸದ್ದನ್ನು ನುಂಗುತ್ತದೆ. ಪಟ್ಟಿ ಬರೆದು ಕಳಿಸಲೇ ಎಂದು ಫೋನಿನಲ್ಲಿ ಕೇಳಿದೆ.

"ಯಾಕ್ರೀ ಸುಮ್ನೆ? ಹೆಸರು ನೋಡಿ ಹಾಕ್ಕೋತೀನಿ ಬಿಡಿ. ನಿಮ್ದು ಹಳಗನ್ನಡ ತಾನೆ, ನಮಗೇನು ಹೊಸದಾ?" ಎಂದರು.

ನಾನು ಹಿಗ್ಗಿ ನಕ್ಕೆ. ಮೈಸೂರಿನ ದೊಡ್ಡ ಮನುಷ್ಯರು ನಮ್ಮ ಮಾತನ್ನು ತಮ್ಮದೆಂದರಲ್ಲ ಎಂದು ಖುಷಿ. ಪಟ್ಟಿ ಕಳಿಸಲಿಲ್ಲ.

ವರದಿ ಬಂತು. ಕೊನೆಯ ಪುಟದಲ್ಲಿ, ಮಾತು ಕೊನೆಯ ಸಾಲಿಗೂ ಸ್ಪಷ್ಟ ಎಂದಿತ್ತು. ನಾನು ಆ ಪುಟವನ್ನಷ್ಟೇ ಓದಿದೆ. ಆಫೀಸಿನಲ್ಲಿ ಅದನ್ನೂ ಯಾರೂ ಓದಲಿಲ್ಲ. ಮನೆಗೆ ಒಯ್ದು ತೋರಿಸಿದಾಗ ಅಪ್ಪ ಬಣ್ಣದ ಚಿತ್ರದ ಮೇಲೆ ಬೆರಳಾಡಿಸಿ, ತಾನು ಎಲ್ಲಿ ಕೂರಬೇಕೆಂದು ಕೇಳಿದ. ಎಲ್ಲಿ ಬೇಕಾದರೂ ಎಂದೆ.

ಮರುವರ್ಷ ಹೊಸ ಭವನದಲ್ಲಿ ಮೊದಲ ಕೂಟ ಸೇರಿತು. ಅಪ್ಪ ತೊಳೆದ ಬಿಳಿ ಮುಂಡಾಸು ಸುತ್ತಿ ನಡುವಿನ ಸಾಲಿನಲ್ಲಿ ಕೂತ. ಮೊದಲ ಹಿರಿಯರು ಬಾಯಿ ತೆರೆದರು. ಆಡಿದ ಮಾತೆಲ್ಲ ಹಿಂದಿನ ಗೋಡೆಗೆ ಬಡಿದು ವಾಪಸು ಬಂದು, ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. ನಮ್ಮಂಥವರು ಕಷ್ಟಪಟ್ಟು ಹೆಕ್ಕಿಕೊಳ್ಳಬಹುದು. ಕಿವಿ ಮಂದವಾದವನಿಗೆ ಅದು ಬರೀ ಗದ್ದಲ. ನೀರಿನ ತೊಟ್ಟಿ ತೊಳೆಸುವ ವಿಷಯಕ್ಕೆ ಅಪ್ಪನ ಅಭಿಪ್ರಾಯ ಕೇಳಿದರು. ಅಪ್ಪ ಎದ್ದು ನಿಂತು ಹಬ್ಬದ ದಿನದ ಬಗ್ಗೆ ಗಂಭೀರವಾಗಿ ಉತ್ತರ ಹೇಳಿದ. ಹುಡುಗರು ಕಿಸಕ್ಕೆಂದರು. ಆ ನಗುವೂ ಗೋಡೆಯಿಂದ ವಾಪಸು ಬಂತು.

ಮರುದಿನ ಆಫೀಸಿನಲ್ಲಿ ವರದಿಯನ್ನು ಮೊದಲಿನಿಂದ ಓದಿದೆ. ಕೋಷ್ಟಕದಲ್ಲಿ ತೋಟ, ಹಳ್ಳಗಳ ಎದುರು ಮಾಮೂಲಿ ಗಾರೆ ಎಂದಿತ್ತು, ಹಿಂದಿನ ಗೋಡೆಯ ಎದುರು ಮಾತ್ರ ದಪ್ಪ ಹತ್ತಿ ತುಂಬಿದ ಹೊದಿಕೆ. ಇಲ್ಲದ ಹತ್ತಿ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡೆ. ನಾನಿಟ್ಟ ಹೆಸರನ್ನು ಮೈಸೂರಿನವರ ಬಾಯಲ್ಲಿ ಓದಿ ನೋಡಿದಾಗ ಗೊತ್ತಾಯಿತು. ಆ ಎರಡು ಟಿ ನನಗೆ ಹಟ್ಟಿ, ಅವರಿಗೆ ಹತ್ತಿ. ನಮ್ಮ ಊರನ್ನೇ ಅವರು ಹತ್ತಿ ಮಾಡಿ ಗೋಡೆಗೆ ಹಚ್ಚಿದ್ದರು. ನಮ್ಮ ನಕ್ಷೆಯ ಪ್ರಕಾರ ಮೇಸ್ತ್ರಿ ಅಲ್ಲಿ ಗಟ್ಟಿ ಗಾರೆ ಬಳಿದು ನಯ ಮಾಡಿದ್ದ.

ಫೋನು ಮಾಡಿದೆ. ಅವರು ನಕ್ಕರು. "ಓ, ಹಟ್ಟಿನಾ? ಅದೆಂಥ ಹೆಸರಿಟ್ರಿ ನೀವು, ಗೋಡೆಗೆ?" ಎಂದು ತಪ್ಪನ್ನು ನನ್ನ ತಲೆಗೇ ಕಟ್ಟಿದರು. ಆಫೀಸಿನ ತಮಿಳು ಯಜಮಾನರಿಗೆ ಹೇಳಿದರೆ, "ಹಾಲ್ ಕೊಡುತ್ತಾಚ್ಚು. ವೆಳಿಯೆ ಸೊಲ್ಲಾದೇಮ್ಮಾ" ಎಂದು, ಒಪ್ಪಿಸಿ ಆದ ಮೇಲೆ ಹೊರಗೆ ಬಾಯಿ ಬಿಡಬೇಡ ಎಂದರು. ಹೆಸರಿಟ್ಟವಳು ನೀನು ತಾನೆ ಎಂಬ ಮಾತನ್ನು ಬಾಯಲ್ಲಿ ಹೇಳಲಿಲ್ಲ, ಕಣ್ಣಲ್ಲಿ ಹೇಳಿದರು.

ನಾನು ಬಾಯಿ ಬಿಡಲಿಲ್ಲ. ಯಜಮಾನರ ಭಯಕ್ಕಿಂತ ಊರಿನವರ ನಗೆಯ ಭಯ ದೊಡ್ಡದಿತ್ತು. ಓದಿ ಬಂದ ಹುಡುಗಿಗೆ ಊರಿನ ಹೆಸರು ಬರೆಯಲು ಬರಲಿಲ್ಲ ಎನ್ನುತ್ತಾರೆ. ಆ ಗೋಡೆಗೆ ಸಾಲಾಗಿ ನಾಲ್ಕು ದಪ್ಪ ಕಂಬಳಿ ತೂಗುಹಾಕಿದ್ದರೂ ಅರ್ಧ ಸರಿಹೋಗುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಕಂಬಳಿ ಯಾಕೆ ಎಂದು ಯಾರಾದರೂ ಕೇಳುತ್ತಾರಲ್ಲ ಎಂದು ಅದನ್ನೂ ಹೇಳಲಿಲ್ಲ. ನಾಚಿಕೆಗೇಡು.

ಅಪ್ಪ ಇನ್ನೂ ಮೂರು ಕೂಟಕ್ಕೆ ಹೋದ. ಒಮ್ಮೆ ಮುಂದೆ, ಒಮ್ಮೆ ಕಂಬದ ಪಕ್ಕ, ಒಮ್ಮೆ ಬಾಗಿಲ ಹತ್ತಿರ ಕೂತು ನೋಡಿದ. ಮೂರನೆಯದರಲ್ಲಿ ಎದ್ದು, ತನಗೆ ಇನ್ನು ಆಗುವುದಿಲ್ಲ, ತನ್ನ ಜಾಗಕ್ಕೆ ಬೇರೆಯವರನ್ನು ಕೂರಿಸಿ ಎಂದ. ಯಾರೂ ಬೇಡವೆನ್ನಲಿಲ್ಲ. ಅಂದರೋ ಏನೋ, ಅವನಿಗಂತೂ ಕೇಳಿಸಲಿಲ್ಲ.

ಟೀ ಗಿಡಗಳ ನಡುವಿನ ಕಾಲುದಾರಿಯಲ್ಲಿ ಮನೆಗೆ ಬರುವಾಗ ನಾನು ಮುಖ ತಗ್ಗಿಸಿಕೊಂಡೇ ನಡೆಯುತ್ತಿದ್ದೆ. ಭವನ ಕಟ್ಟಿದವಳಿಗೆ ಬೇಸರವಾಗಿದೆ ಎಂದುಕೊಂಡಿರಬೇಕು, ಅಪ್ಪ ನಿಂತು ನನ್ನ ಭುಜ ಹಿಡಿದ.

"ನಿನ್ನ ಹಾಲ್‌ಗ ಏನ ತಪ್ಪೂ ಇಲ್ಲೆ, ಕೂಸು. ತಪ್ಪು ಎನ್ನ ಕಿವಿದು" ಎಂದ.

ಹೌದಪ್ಪ ಎಂದೆ. ಅವನಿಗೆ ಕೇಳಿಸಲಿ ಎಂದು ಜೋರಾಗಿಯೇ ಹೇಳಿದೆ.